ನಾರು ಉಣ್ಣುವ ಊರಿನ ರಿಪೋರ್ಟು

ನಮ್ಮ ಸೋದರಮಾವ ‘ಹ’ ಎಂಬ ಒಂದೇ ಒಂದು ಅಕ್ಷರದ ಚಿಂತೆಯಲ್ಲಿ ಇಡೀ ಒಂದು ಊರಿಗೆ ನಾರು ತಿನ್ನಿಸಿದವರು. ತಿನ್ನಿಸಿದ್ದು ಕಾಗದದ ಮೇಲೆ, ನಿಜ. ಆದರೆ ಮಾವನ ಪಾಲಿಗೆ ಕಾಗದದ ಮೇಲೆ ಆದದ್ದೇ ಆದದ್ದು, ಮಿಕ್ಕಿದ್ದೆಲ್ಲ ವದಂತಿ. ಮಳೆಯಲ್ಲಿ ತೊಪ್ಪೆಯಾಗಿ ಒಳಗೆ ಬಂದವನನ್ನು ಬೇರೆಯವರಾದರೆ ‘ಮಳೆಯೇ?’ ಎಂದು ಕೇಳುತ್ತಾರೆ. ಮಾವ ‘ಮಳೆಯೆಂದು ರಿಪೋರ್ಟು ಬಂದಿದೆಯೇ?’ ಎಂದು ಕೇಳುತ್ತಿದ್ದರು. ಇಂಥವರು ನಿಮ್ಮ ವಂಶದಲ್ಲೂ ಒಬ್ಬರಿರಬಹುದು. ಇದ್ದರೆ ಅವರಿಗೆ ಸರ್ಕಾರಿ ಕೆಲಸ ಸಿಗದಿರಲಿ ಎಂದು ಇವತ್ತೇ ಹರಕೆ ಹೊತ್ತುಕೊಳ್ಳಿ.

ಇದು ಭಾಷಾವಾರು ಪ್ರಾಂತ್ಯಗಳಾಗುವ ಮೊದಲಿನ ಮಾತು. ಆಗ ಯಳಂದೂರು ಮೈಸೂರಿನದು, ಪಕ್ಕದ ಕೊಳ್ಳೇಗಾಲ ಮದರಾಸಿನದು. ನಾವು ಯಳಂದೂರಿನವರು. ಮಾವ ಮಾತ್ರ ಗಡಿ ದಾಟಿ ಹೋಗಿ ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿದ್ದರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಈಗಲೂ ಅಲ್ಲಿಂದ ವಿವರಣೆ ಕೇಳಿ ಕಾಗದ ಬಂದೀತು. ಅವರ ಕೈಕೆಳಗೆ ನಾನೂ ಒಬ್ಬ ಸಣ್ಣ ಗುಮಾಸ್ತ. ಅವರ ಮನೆಯಲ್ಲೇ ಊಟ, ಅಲ್ಲೇ ವಾಸ. ಮನೆಯಲ್ಲಿ ಅವರು ಮಾವ, ಕಚೇರಿಯಲ್ಲಿ ಸಾರ್, ದಾರಿಯಲ್ಲಿ ಏನೆಂದು ಕರೆಯಬೇಕು ಎಂಬುದು ಕೊನೆಯವರೆಗೂ ತೀರ್ಮಾನವಾಗದ್ದರಿಂದ ದಾರಿಯುದ್ದಕ್ಕೂ ನಾನು ಬಾಯಿ ಬಿಡುತ್ತಿರಲಿಲ್ಲ.

ಮಾವನಿಗೆ ಈ ರಿಪೋರ್ಟಿನ ಹುಚ್ಚು ಮೊದಲಿನಿಂದಲೂ ಇತ್ತು, ಆದರೆ ಅದು ತಲೆಗೇರಿದ್ದು ಸುಮ್ಮನೆ ಅಲ್ಲ. ಹನೂರು ಕಡೆಯ ಒಂದು ಹಳ್ಳಿಯಿಂದ ಜೋರು ಮಳೆಯಾದ ಮೇಲೆ ಒಂದು ರಿಪೋರ್ಟು ಬಂದಿತ್ತು. ‘ಮಳೆಯಿಂದ ಆನಿ ಬಾಳ ಆಗೈತೆ’ ಎಂದು ಅದರಲ್ಲಿ ಬರೆದಿತ್ತು. ಆ ಕಡೆಯ ನಾಲಿಗೆಗೆ ‘ಹ’ ಹತ್ತುವುದಿಲ್ಲ. ಹೋಗು ಅಂದರೆ ಓಗು, ಹಾಲು ಅಂದರೆ ಆಲು, ಹಾನಿ ಅಂದರೆ ಆನಿ, ಕೊನೆಗೆ ಹನೂರೇ ಅನೂರು! ಆಗ ಕಚೇರಿಯಲ್ಲಿ ಅನುವಾದ ಮಾಡುತ್ತಿದ್ದ ಪುಣ್ಯಾತ್ಮರು ಹೊರಗಿನವರು. ಆನಿಯನ್ನು ಆನೆ ಎಂದು ಓದಿಕೊಂಡು, ಮಳೆಯ ದೆಸೆಯಿಂದ ಆನೆಗಳು ವಿಪರೀತವಾಗಿವೆ ಎಂದು ಇಂಗ್ಲಿಷಿಗೆ ಇಳಿಸಿ ಕೊಯಮತ್ತೂರಿನ ಜಿಲ್ಲಾ ಕಚೇರಿಗೆ ಕಳಿಸಿಬಿಟ್ಟರು. ಅಲ್ಲಿಂದ ಬಂದೂಕು ಸಮೇತ ಇಬ್ಬರು ಬಂದಿಳಿದರು. ಹಳ್ಳಿಯವರು ಬಿದ್ದ ಗೋಡೆಯನ್ನು ತೋರಿಸಿ ‘ಇಲ್ಲೈತೆ ನೋಡಿ ಸಾ, ಆನಿ’ ಅಂದರು. ಬಂದೂಕಿನವರು ಮೆಲ್ಲಗೆ ಹೋಗಿ ಗೋಡೆಯ ಹಿಂದೆ ಇಣುಕಿದರಂತೆ.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ನಗಲಿಲ್ಲ. ಇನ್ನು ಮೇಲೆ ಪ್ರತಿಯೊಂದು ಹಳ್ಳಿಯ ರಿಪೋರ್ಟೂ ಒಂದೇ ಅಚ್ಚಿನಲ್ಲಿ, ಒಂದೇ ಶೈಲಿಯಲ್ಲಿ, ಶುದ್ಧ ಬರವಣಿಗೆಯಲ್ಲಿ ಬರಬೇಕೆಂದು ಪಣ ತೊಟ್ಟರು. ಅಲ್ಲಿಯತನಕ ಹಳ್ಳಿಗೊಂದು ಶೈಲಿ. ಒಬ್ಬ ಪಟೇಲರು ಮಾದಪ್ಪನ ಸ್ತುತಿಯಲ್ಲಿ ಅರ್ಧ ಹಾಳೆ ಮುಗಿಸಿ, ಆಮೇಲೆ ಜಾಗ ಸಾಲದೆ ವಿಷಯವನ್ನು ಬಿಟ್ಟುಬಿಡುತ್ತಿದ್ದರು. ಇನ್ನೊಬ್ಬರು ಬಣವೆಗೆ ಬೆಂಕಿ ಬಿದ್ದ ರಿಪೋರ್ಟಿನ ಕೊನೆಯಲ್ಲಿ ‘ನಮ್ಮ ಅಸ ಈದೈತೆ, ಗಿಣ್ಣು ಕಳಿಸಿವ್ನಿ’ ಎಂದು ಸೇರಿಸಿದ್ದರು. ಮಾವ ರಿಪೋರ್ಟನ್ನೂ ಗಿಣ್ಣನ್ನೂ ಒಟ್ಟಿಗೆ ವಾಪಸ್ಸು ಕಳಿಸಿದರು. ಗಿಣ್ಣು ಪ್ರತ್ಯೇಕ ವಿಷಯವಾದ್ದರಿಂದ ಪ್ರತ್ಯೇಕ ರಿಪೋರ್ಟಿನೊಂದಿಗೆ ಬರತಕ್ಕದ್ದು ಎಂಬುದು ಅವರ ಷರಾ. ಗಿಣ್ಣು ಎರಡನೆಯ ಸಲ ಬರಲಿಲ್ಲ. ಆ ದುಃಖ ಕಚೇರಿಯಲ್ಲಿ ಬಹಳ ಕಾಲ ಉಳಿದಿತ್ತು.

ಹೀಗೆ ಹುಟ್ಟಿದ್ದು ಮಾವನ ‘ಮಾದರಿ’. ವಿಷಯ, ಉಲ್ಲೇಖ, ಕಾರಣ, ಹಾನಿ, ಕೋರಿಕೆ, ಷರಾ ಎಂದು ಕಲಮುಗಳು. ಪ್ರತಿ ಕಲಮಿಗೂ ಇಷ್ಟೇ ಜಾಗ. ಆಡುಮಾತು ನುಸುಳಿದರೆ ವಾಪಸ್ಸು. ‘ಹ’ ಬಿಟ್ಟರಂತೂ ಕೆಂಪು ಶಾಯಿ. ನಮ್ಮ ಮೇಲಧಿಕಾರಿ ಕೊಯಮತ್ತೂರು ಕಡೆಯ ತಮಿಳರು. ಅವರ ಸ್ವಂತ ಅಕ್ಷರಮಾಲೆಯಲ್ಲಿ ‘ಹ’ ಇಲ್ಲವೇ ಇಲ್ಲ, ಬೇಕಾದಾಗ ಎರವಲು ತರುತ್ತಾರೆ. ‘ಒರು ಎಳುತ್ತುಕ್ಕು ಇವ್ವಳವು ಸಂಡೈಯಾ?’ ಎಂದು ಕೇಳಿದರು. ಒಂದು ಅಕ್ಷರಕ್ಕೆ ಇಷ್ಟೊಂದು ಜಗಳವೇ ಎಂದರ್ಥ. ಕೇಳಿ ರುಜು ಹಾಕಿದರು. ಜಿಲ್ಲಾ ಕಚೇರಿಗೆ ಆ ಮಾದರಿ ಎಷ್ಟು ಹಿಡಿಸಿತೆಂದರೆ, ಜಿಲ್ಲೆಗೆಲ್ಲ ಇದೇ ಸರಿ, ಇದರಲ್ಲಿ ಬರೆಯದ ಯಾವ ಕಾಗದವನ್ನೂ ಓದದೆ ಹಿಂತಿರುಗಿಸತಕ್ಕದ್ದು ಎಂದು ಹುಕುಂ ಹೊರಟಿತು. ಹಳ್ಳಿಗಳಲ್ಲಿ ಸರಿಯಾದ ದಾರಿಯಿಲ್ಲ, ಕುಡಿಯುವ ನೀರಿಲ್ಲ, ಆದರೆ ರಿಪೋರ್ಟಿಗೆ ಅಚ್ಚಾದ ಹಾಳೆ ಬಂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ ತಾನೇ?

ವಿಧಿಯ ಕುಚೋದ್ಯ ನೋಡಿ. ಇಂಥ ಮಾವನಿಗೆ ಗಂಟುಬಿದ್ದ ನಮ್ಮ ಅತ್ತೆ ಬಂಡಳ್ಳಿಯಿಂದಾಚೆಯ ಒಂದು ಸಣ್ಣ ಊರಿನವರು. ಅವರ ಬಾಯಲ್ಲಿ ‘ಹ’ ಹುಟ್ಟಿಯೇ ಇರಲಿಲ್ಲ. ಮಾವ ಹೆಣ್ಣು ನೋಡಿಕೊಂಡು ಬಂದು ತಾತನಿಗೆ ಬಾಯಲ್ಲಿ ಏನೂ ಹೇಳದೆ ಬರೆದುಕೊಟ್ಟಿದ್ದರಂತೆ. ನಮ್ಮ ಅಮ್ಮ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ‘ವಿಷಯ: ಹೆಣ್ಣು. ಬಣ್ಣ: ಎಣ್ಣೆಗೆಂಪು. ಸ್ವಭಾವ: ವಿಚಾರಣೆಯಲ್ಲಿದೆ. ಲೋಪ: ನಡೆಯುವಾಗ ಎಡಗಾಲು ತುಸು ಎಳೆಯುತ್ತದೆ. ಕಾರಣ: ಚಿಕ್ಕಂದಿನಲ್ಲಿ ಉಣ್ಣಾಗಿತ್ತೆಂದು ಹೆಣ್ಣೇ ತಿಳಿಸಿತು. ಶುದ್ಧ ರೂಪ: ಹುಣ್ಣು.’ ಏನು ಹುಣ್ಣು, ಹೇಗಾಯಿತು, ಎಷ್ಟು ನೋವಾಯಿತು ಎಂಬ ಬಗ್ಗೆ ಒಂದು ಮಾತೂ ಇಲ್ಲ. ಪದ ತಿದ್ದಿದ್ದಕ್ಕೆ ತಮ್ಮ ಕರ್ತವ್ಯ ತೀರಿತೆಂದು ತಿಳಿದರು. ಮದುವೆಯಾಗಿ ಎಷ್ಟೋ ವರ್ಷವಾದರೂ ಆ ಕಾಲಿನ ಕಲೆಯ ಬಗ್ಗೆ ಅವರು ಮತ್ತೆ ಕೇಳಿರಲಿಲ್ಲ.

ಅತ್ತೆಯ ತಮ್ಮನೇ ಆ ಊರಿನ ಪಟೇಲ. ಊರಿಗೆಲ್ಲ ಒಂದೇ ಬಾವಿ, ಅದೂ ಮೆಟ್ಟಿಲು ಬಾವಿ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದದ ನೀರಿನಲ್ಲಿ ನಿಂತು ಕೊಡ ಅದ್ದಿಕೊಂಡು ಬರಬೇಕು. ಆ ನೀರು ಕುಡಿದವರಿಗೆ ಕಾಯಿಲೆ. ಕಟ್ಟೆ ಕಟ್ಟಿದ, ಹಗ್ಗದಲ್ಲಿ ಸೇದುವ ಬಾವಿಯೊಂದನ್ನು ಸರ್ಕಾರ ತೋಡಿಸಿಕೊಡಬೇಕು ಎಂದು ಪಟೇಲರು ಉದ್ದಕ್ಕೆ ಒಂದು ರಿಪೋರ್ಟು ಬರೆದರು. ಮಾದರಿಯಲ್ಲಿಲ್ಲವೆಂದು ಮಾವ ಓದದೆಯೇ ವಾಪಸ್ಸು ಕಳಿಸಿದರು. ಪಟೇಲರು ಖುದ್ದಾಗಿ ಕಚೇರಿಗೆ ಬಂದರು.

“ಬಾವ, ನಮ್ಮೂರ ಬಾವಿ...”

“ಇಲ್ಲಿ ಭಾವನೂ ಇಲ್ಲ, ಬಾವಿಯೂ ಇಲ್ಲ. ಒಂದು ರಿಪೋರ್ಟಿತ್ತು. ಅದು ಮಾದರಿಯಲ್ಲಿರಲಿಲ್ಲ.”

“ಬಾಯಲ್ಲೇ ಏಳ್ಬುಡ್ತೀನಿ, ಕೇಳಿ ಸಾ.”

“ಬಾಯಿಮಾತಿಗೆ ನಂಬರು ಎಲ್ಲಿ ಹಾಕಲಿ?” ಎಂದು ಮಾವ ನಿಜವಾಗಿಯೂ ಚಿಂತೆಯಿಂದ ಕೇಳಿದರು.

ಪಟೇಲರು ಅಚ್ಚಾದ ಹಾಳೆ ತೆಗೆದುಕೊಂಡು ಹೋಗಿ ಮಾದರಿಯಲ್ಲೇ ಬರೆದು ಕಳಿಸಿದರು. ಈ ಸಲ ‘ಹ’ ಇರಲಿಲ್ಲ. ಅಳ್ಳಿ, ಅಳೆ ಬಾವಿ, ಎಂಗಸರು, ಆನಿ! ಹಾಳೆಯೆಲ್ಲ ಕೆಂಪು ಶಾಯಿಯಾಗಿ ವಾಪಸ್ಸು ಹೋಯಿತು. ಈ ಸುದ್ದಿ ತವರಿನಿಂದ ಅತ್ತೆಗೆ ಮುಟ್ಟಿತು. ಅತ್ತೆ ಗದ್ದಲ ಮಾಡುವವರಲ್ಲ. ಅಂದು ಸಂಜೆ ಮಾವ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಮಣೆಯ ಮೇಲೆ ಕೂತು, “ಹಸಿವಾಗಿದೆ” ಅಂದರು.

“ಅದೇನು ಅಂಗಂದ್ರೆ?” ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

“ಹಸಿವು. ಊಟ ಬಡಿಸು.”

“ನಮ್ಮಡಿಗೆಮನೇಲಿ ಅಸಿವು ಅಂತ ಬಂದ್ರೆ ಊಟ. ಬ್ಯಾರೆ ತರ ಬಂದ್ರೆ ವಾಪಸ್ಸು.”

ಒಂದು ಅಕ್ಷರ ಬಿಟ್ಟಿದ್ದರೆ ಬಿಸಿಮುದ್ದೆ, ಅವರೆಕಾಳಿನ ಸಾರು. ಮಾವ ಬಿಡಲಿಲ್ಲ. ಎದ್ದು ಹೋಗಿ ಡಬ್ಬದಲ್ಲಿದ್ದ ಒಣ ಅವಲಕ್ಕಿ ತಿಂದು ನೀರು ಕುಡಿದು ಮಲಗಿದರು. ನಾನೇನು ಮಾಡಿದೆ ಎಂದು ಕೇಳುತ್ತೀರಾ? ನಾನು ಎರಡು ಸಲ “ಅಸಿವು ಅತ್ತೆ” ಅಂದು ಎರಡು ಮುದ್ದೆ ಉಂಡೆ. ನನಗೆ ಅಂಥ ದೊಡ್ಡ ತತ್ವವೇನೂ ಇರಲಿಲ್ಲ.

ಮೂರನೆಯ ರಿಪೋರ್ಟು ಬಂತು. ಪಟೇಲರು ಈ ಸಲ ಯಾವ ಅಪಾಯಕ್ಕೂ ಎಡೆಗೊಟ್ಟಿರಲಿಲ್ಲ. ‘ಹ’ ಬಿಟ್ಟರೆ ತಾನೇ ವಾಪಸ್ಸು ಬರುವುದು? ಕಂಡಕಂಡಲ್ಲೆಲ್ಲ ‘ಹ’ ಹಾಕಿದ್ದರು. ‘ಹೂರಿನ ಹೆಮ್ಮೆಗಳು ನೀರಿಲ್ಲದೆ ಸೊರಗಿರುತ್ತವೆ. ಹಾಡು ಹಾರು ಸತ್ತಿರುತ್ತವೆ. ಈ ನೀರಿನಲ್ಲಿ ಹಕ್ಕಿ ಬೇಯುವುದಿಲ್ಲ.’ ಊರಿನ ಎಮ್ಮೆ, ಆರು ಆಡು, ಅಕ್ಕಿ ಎಂದು ಬಿಡಿಸಿಕೊಳ್ಳಲು ನಮಗೆ ಮಧ್ಯಾಹ್ನ ಹಿಡಿಯಿತು. ಮಾವ ಒಂದೊಂದೇ ‘ಹ’ವನ್ನು ಕಳೆ ಕೀಳುವ ಹಾಗೆ ಕಿತ್ತುಹಾಕುತ್ತ ಬಂದರು. ಹಾಗೆ ಬಂದು ಒಂದು ಪದದ ಹತ್ತಿರ ನಿಂತರು. ‘ಬಾವಿಯ ದೆಸೆಯಿಂದ ಜನರಿಗೆ ನಾರುಣ್ಣು.’

ಅದು ನಾರುಹುಣ್ಣು. ನೀರಿನೊಂದಿಗೆ ಹೊಟ್ಟೆ ಸೇರಿದ ಹುಳ ಬೆಳೆದು, ದಾರದಂತೆ ಉದ್ದವಾಗಿ, ಕಾಲಿನ ಚರ್ಮ ಒಡೆದುಕೊಂಡು ಹೊರಬರುವ ರೋಗ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆದು ತೆಗೆಯಬೇಕು. ನಡುವೆ ತುಂಡಾದರೆ ಕಾಲೇ ಕೆಡುತ್ತದೆ. ಇದೆಲ್ಲ ಈಗ ಹೇಳುತ್ತಿದ್ದೇನೆ. ಯಳಂದೂರಿನ ಹೊಳೆ ನೀರು ಕುಡಿದು ಬೆಳೆದ ಮಾವನಿಗಾಗಲಿ ನನಗಾಗಲಿ ಆಗ ಆ ರೋಗದ ಹೆಸರೂ ಗೊತ್ತಿರಲಿಲ್ಲ. ಪಟೇಲರು ಇಡೀ ಹಾಳೆಗೆ ‘ಹ’ ಸುರಿದು, ಅದು ಬೇಕಿದ್ದ ಒಂದೇ ಕಡೆ ಬಿಟ್ಟಿದ್ದರು. ಪಾಪ, ಆ ಪದದಲ್ಲಿ ‘ಹ’ ಇದೆ ಎಂದು ಆ ಊರಲ್ಲಿ ಯಾರಿಗೆ ಗೊತ್ತಿತ್ತು?

ಮಾವ ಕನ್ನಡಕ ಒರೆಸಿಕೊಂಡು ಯೋಚಿಸಿದರು. ಎರಡು ಪದ ಕೂಡಿಕೊಂಡಿವೆ, ವಾಕ್ಯ ಪೂರ್ತಿಯಾಗಿಲ್ಲ ಎಂದು ನಿರ್ಧರಿಸಿದರು. ತಿದ್ದಿದರು. ‘ಬಾವಿಯ ದೆಸೆಯಿಂದ ಜನರು ನಾರನ್ನು ಉಣ್ಣುತ್ತಿದ್ದಾರೆ.’ ಎಷ್ಟು ಚೊಕ್ಕವಾದ ವಾಕ್ಯ! ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದ ಇದೆ, ಅರ್ಥವೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಇದೆ. ಅಂದು ರಾತ್ರಿ ಅತ್ತೆ ನನಗೆ ಬಡಿಸುತ್ತ, ಅವಲಕ್ಕಿ ತಿನ್ನುತ್ತಿದ್ದ ಮಾವನನ್ನು ಕೇಳಿದರು.

“ನಮ್ಮೂರ ರಿಪೋರ್ಟು ಕಳುಸುದ್ರಾ?”

“ಕಳಿಸಿದೆ.”

“ನಾರುಣ್ಣು ವಿಚಾರ ಬರುದ್ರಾ?”

“ಸ್ಪಷ್ಟವಾಗಿ ಬರೆದಿದ್ದೇನೆ.”

ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ, ಹಸಿವಿಗೆ ಇದ್ದ ನಿರ್ಬಂಧವನ್ನು ಅಲ್ಲಿಗೇ ತೆಗೆದುಹಾಕಿ ಮಾವನಿಗೂ ಮುದ್ದೆಯಿಟ್ಟು ತುಪ್ಪ ಹಾಕಿದರು.

ಕೊಯಮತ್ತೂರು ಬೆಚ್ಚಿಬಿತ್ತು. ತಮ್ಮ ಆಡಳಿತದಲ್ಲಿ ಜನ ನಾರು ಉಣ್ಣುವುದೇ? ಬಾವಿಯ ವಿಷಯ ಹಿಂದಾಯಿತು, ನಾರಿನ ವಿಷಯ ಮುಂದಾಯಿತು. ಅದು ಕತ್ತಾಳೆ ನಾರೋ, ತೆಂಗಿನ ನಾರೋ? ಬೇಯಿಸಿ ಉಣ್ಣುತ್ತಾರೋ, ಹಸಿಯಾಗಿಯೋ? ಪರೀಕ್ಷೆಗಾಗಿ ನಾರಿನ ಒಂದು ನಮೂನೆಯನ್ನು ಕೂಡಲೇ ಕಳಿಸತಕ್ಕದ್ದು. ಮಾವ ಪಟೇಲರಿಗೆ ಮಾದರಿಯಲ್ಲೇ ಬರೆದರು. ‘ವಿಷಯ: ನಾರು. ಕೋರಿಕೆ: ನಮೂನೆ ಒಂದು.’

ಪಟೇಲರೇ ತೆಗೆದುಕೊಂಡು ಬಂದರು. ಗಾಜಿನ ಸೀಸೆಯೊಂದಕ್ಕೆ ಬಿರಡೆ ಹಾಕಿ, ಒಗೆದ ಬಟ್ಟೆಯಲ್ಲಿ ಸುತ್ತಿ, ಬಹಳ ಜೋಪಾನವಾಗಿ ತಂದಿದ್ದರು. ಕಡೆಗೂ ಸರ್ಕಾರ ಕಣ್ಣುಬಿಟ್ಟಿತೆಂಬ ನಂಬಿಕೆ ಅವರ ಮುಖದಲ್ಲಿ ಕಾಣುತ್ತಿತ್ತು. ಸೀಸೆಯೊಳಗೆ ಒಂದು ಸಣ್ಣ ಕಡ್ಡಿ, ಕಡ್ಡಿಗೆ ಸುತ್ತಿದ ಬೆಳ್ಳನೆಯ ದಾರ. ಮಾವ ಬಿರಡೆ ತೆಗೆದರು, ಮೂಸಿದರು, ತಟ್ಟನೆ ಮುಚ್ಚಿದರು. ಆಮೇಲೆ ನನಗೆ ಬರೆದುಕೊಳ್ಳಲು ಹೇಳಿದರು.

“ಬಣ್ಣ ಬಿಳುಪು. ನಯವಾಗಿದೆ. ವಾಸನೆಯಿದೆ. ಉಣ್ಣಲು ಯೋಗ್ಯವೆಂದು ತೋರುವುದಿಲ್ಲ.” ಪಟೇಲರ ಕಡೆ ತಿರುಗಿದರು. “ಇದು ಎಲ್ಲಿ ಬೆಳೆಯುತ್ತದೆ?”

“ಕಾಲಲ್ಲಿ ಸಾ.”

“ಯಾವ ಕಾಲದಲ್ಲಿ ಎಂದು ಕೇಳಲಿಲ್ಲ. ಎಲ್ಲಿ ಎಂದು ಕೇಳಿದೆ.”

“ಕಾಲಲ್ಲೇ ಸಾ. ಮನ್ಸುರ ಕಾಲಲ್ಲಿ.” ಪಟೇಲರು ಪಂಚೆಯನ್ನು ಸ್ವಲ್ಪ ಎತ್ತಿ, ತಮ್ಮ ಮೀನಖಂಡದಲ್ಲಿ ಒಣಗಿದ್ದ ಕಲೆಯನ್ನು ತೋರಿಸಿದರು. “ಇದು ನಂದು, ಅಳೇದು. ಸೀಸೆಲಿರೋದು ನಮ್ಮವ್ವುಂದು. ನಿಮ್ಮತ್ತೆವ್ರುದು. ಇನ್ನೊಂದು ಇನ್ನೂವೆ ಒಳಗೇ ಐತೆ, ಎಳೀತಾ ಇವ್ನಿ. ನಮ್ಮಕ್ಕುಂಗೂ ಆಗಿತ್ತಲ್ಲ, ಎಡಗಾಲಲ್ಲಿ. ಅದು ಅರ್ಧಕ್ಕೇ ಕಿತ್ತೋಯ್ತು, ಅದುಕ್ಕೇ ಕಾಲು ಎಳೀತಾಳೆ. ನಿಮ್ಗೆ ಗೊತ್ತಲ್ಲ ಸಾ.”

ಮಾವ ಸೀಸೆಯನ್ನು ತಾವೇ ಬಟ್ಟೆಯಲ್ಲಿ ಸುತ್ತಿದರು. ಕಚೇರಿ ಬಿಡುವ ಹೊತ್ತಾಗುವ ಮುಂಚೆಯೇ ಎದ್ದು ಮನೆಗೆ ಹೊರಟರು. ಅವರು ಹಾಗೆ ಮಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಅವರ ಹಿಂದೆಯೇ ಹೋದೆ. ಅತ್ತೆ ಹಿತ್ತಲಿನಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮಾವ ಅವರ ಮುಂದೆ ನಿಂತು ಆ ಎಡಗಾಲನ್ನೇ ನೋಡಿದರು.

“ಇದು ಏನಾಗಿತ್ತು?”

ಅತ್ತೆ ಆಶ್ಚರ್ಯದಿಂದ ತಲೆಯೆತ್ತಿದರು. “ಎಣ್ಣು ನೋಡಕ್ಕೆ ಬಂದಾಗ್ಲೇ ಏಳಿದ್ನಲ್ಲ. ಉಣ್ಣು ಅಂತ.”

ಮಾವ ತಿದ್ದಲಿಲ್ಲ.

ಅಂದು ಅವರು ಬರೆದ ರಿಪೋರ್ಟಿನಲ್ಲಿ ಕಲಮುಗಳಿರಲಿಲ್ಲ. ಒಂದು ಬಿಳಿ ಹಾಳೆಯಲ್ಲಿ, ಬಾವಿ ಹೇಗಿದೆ, ಹುಳ ಹೇಗೆ ಬರುತ್ತದೆ, ಯಾರ ಯಾರ ಕಾಲು ಹೋಗಿದೆ, ಏನಾಗಬೇಕು ಎಂದು ಒಂದೇ ಸಮನೆ ಬರೆದುಕೊಂಡು ಹೋಗಿದ್ದರು. ಅಷ್ಟು ಒಳ್ಳೆಯ ಕನ್ನಡ ಅವರಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲೂ ತಾವೇ ಬರೆದು ಎರಡನ್ನೂ ಕಳಿಸಿದರು. ಕೊಯಮತ್ತೂರಿನಿಂದ ಎರಡೂ ಮಡಿಕೆ ಬಿಚ್ಚದೆ ವಾಪಸ್ಸು ಬಂದವು. ಮೇಲೆ ಒಂದು ಚೀಟಿ ಅಂಟಿಸಿತ್ತು: ‘ಮಾದರಿಯಲ್ಲಿಲ್ಲ.’ ಮಾಡಿದ್ದುಣ್ಣೋ ಮಹರಾಯ ಅನ್ನಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಮತ್ತೆ ಕಲಮು ತುಂಬಿ ಕಳಿಸಬಹುದಿತ್ತು, ಅದು ಹೋಗಿ ಬರುವಷ್ಟರಲ್ಲಿ ಬೇಸಿಗೆ ಕಳೆದು ಇನ್ನೊಂದು ವರ್ಷ ಅದೇ ನೀರು. ಮಾವ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು, ಘಟ್ಟ ಇಳಿಯುವ ಸತ್ಯಮಂಗಲದ ಬಸ್ಸು ಹತ್ತಿಬಿಟ್ಟರು. ರಜೆಯ ಅರ್ಜಿ ಕೂಡ ಬರೆದಿರಲಿಲ್ಲ. ನಾನು ಓಡಿಹೋಗಿ ಕೇಳಿದರೆ, “ಬಾಯಲ್ಲಿ ಹೇಳಿಬಿಡು” ಅಂದರು!

ಕೊಯಮತ್ತೂರಿನ ಜಿಲ್ಲಾ ಕಚೇರಿಯಲ್ಲಿ ಏನಾಯಿತೆಂದು ಮಾವ ಹೇಳಲಿಲ್ಲ. ಅಲ್ಲಿನ ಗುಮಾಸ್ತರೊಬ್ಬರು ಆಮೇಲೆ ಹೇಳಿದರು. ದೊಡ್ಡ ಸಾಹೇಬರು “ರಿಪೋರ್ಟು ಎಲ್ಲಿ?” ಎಂದು ಕೇಳಿದಾಗ ಮಾವ ಸೀಸೆಯನ್ನು ಅವರ ಮೇಜಿನ ಮೇಲಿಟ್ಟರಂತೆ. ಇಟ್ಟು, ನಿಂತುಕೊಂಡೇ ಎಲ್ಲವನ್ನೂ ಬಾಯಲ್ಲಿ ಹೇಳಿದರಂತೆ. ಆ ಕಡೆಯ ಹಳ್ಳಿಗಳಲ್ಲೂ ಅದೇ ರೋಗವಿತ್ತು, ಹೆಸರು ಮಾತ್ರ ಬೇರೆ. ಸಾಹೇಬರು ಸೀಸೆಯನ್ನು ಬೇಗ ಆಚೆಗೆ ತೆಗೆಸಲೆಂದೇ ಮಂಜೂರು ಮಾಡಿದರು ಎಂದು ಆ ಗುಮಾಸ್ತರ ಅಭಿಪ್ರಾಯ.

ಬಾವಿ ಆಯಿತು. ಸುತ್ತ ಕಟ್ಟೆ, ಮೇಲೆ ರಾಟೆ. ಮೊದಲ ನೀರು ಸೇದುವ ದಿನ ನಾವೆಲ್ಲ ಹೋಗಿದ್ದೆವು. ಪಟೇಲರು ಕಟ್ಟೆಯ ಮೇಲೆ ಮಾದರಿ ಹಾಳೆ ಹರಡಿಕೊಂಡು, ಕೆಲಸ ಮುಗಿದ ರಿ‍ಪೋರ್ಟು ಬರೆಯಲು ಕೂತಿದ್ದರು. ಅತ್ತೆ ಒಂದು ಕೊಡ ಸೇದಿ, ತೆಳುಬಟ್ಟೆಯಲ್ಲಿ ಸೋಸಿ, ಚೊಂಬು ತುಂಬಿ ಮಾವನ ಕೈಗೆ ಕೊಟ್ಟರು.

“ಉಳ ಐತಾ ನೋಡಿ.”

ಮಾವ ಕನ್ನಡಕ ಹಾಕಿಕೊಂಡು ಚೊಂಬನ್ನು ಬಿಸಿಲಿಗೆ ವಾಲಿಸಿ ನೋಡಿದರು. ನಾವೆಲ್ಲ ಆ ‘ಹ’ ಬರುವುದನ್ನೇ ಕಾಯುತ್ತಿದ್ದೆವು.

“ಇಲ್ಲ ಕಣೇ,” ಅಂದರು ಮಾವ. “ಒಂದು ಉಳಾನೂ ಇಲ್ಲ.”

ಪಟೇಲರ ಲೇಖನಿ ನಿಂತಿತು. “ಸಾ, ಉಳ ಅಂತ ಬರ್ಕೊಳ್ಳೋದಾ, ಹುಳ ಅಂತನಾ?”

“ನಿಮ್ಮಕ್ಕ ಹೇಗೆ ಹೇಳ್ತಾಳೋ ಹಾಗೆ ಬರ್ಕೋ, ಬಾಮೈದ.”

ಅತ್ತೆಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕಟ್ಟೆಯ ಮೆಟ್ಟಿಲ ಮೇಲೆ ಕೂತು ಅದೇ ಚೊಂಬಿನಿಂದ ಅರ್ಧ ಕುಡಿದು, ಉಳಿದದ್ದನ್ನು ಚೆಲ್ಲಲು ಮನಸ್ಸಿಲ್ಲದೆ ಹಾಗೇ ಹಿಡಿದುಕೊಂಡಿದ್ದರು. ಮಾವ ಚೊಂಬನ್ನು ಇಸಿದುಕೊಂಡರು. ಆಮೇಲೆ, ಊರಿನ ಹಿರಿಯರು ಕಿರಿಯರು ಎಲ್ಲ ನಿಂತಿರುವಾಗಲೇ, ಹೆಂಡತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆ ಎಡಗಾಲಿನ ಕಲೆಯ ಮೇಲೆ ನೀರು ಹೊಯ್ದು, ಅಂಗೈಯಿಂದ ಮೆಲ್ಲಗೆ ತೊಳೆದರು. ಗಂಡಸು ಹೆಂಡತಿಯ ಕಾಲು ಮುಟ್ಟುವುದನ್ನು ಆ ಊರು ಕಂಡಿರಲಿಲ್ಲ. ಎಲ್ಲರೂ ಬಾವಿಯೊಳಗೆ ಇಣುಕಿ ನೋಡತೊಡಗಿದರು.

“ನೋಯ್ತಿತ್ತಾ?” ಎಂದು ಮಾವ ಕೇಳಿದರು.

“ಊಂ,” ಅಂದರು ಅತ್ತೆ. “ಬಾಳ ನೋಯ್ತಿತ್ತು.”